ಒಂದು ಹಾಡು, ಎರಡು ರೆಕಾರ್ಡು: 1955ರ ನಕಲಿನ ಪ್ರಕರಣ

1955ರ ಆರಂಭದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಒಂದೇ ಹಾಡಿನ ಎರಡು ರೆಕಾರ್ಡುಗಳು ಒಟ್ಟಿಗೆ ಮಾರಾಟವಾಗುತ್ತಿದ್ದವು. ಮೊದಲು ಹಾಡಿದವಳು ಕಪ್ಪು ಗಾಯಕಿ. ಅವಳ ರೆಕಾರ್ಡು 1954ರ ಕೊನೆಯಲ್ಲಿ ನ್ಯೂಯಾರ್ಕ್‌ನ ಒಂದು ಚಿಕ್ಕ ಕಂಪನಿಯಿಂದ ಹೊರಬಂದಿತ್ತು. ಸ್ವಲ್ಪ ದಿನಕ್ಕೆ ಅದೇ ಹಾಡನ್ನು ಒಬ್ಬ ಬಿಳಿ ಗಾಯಕಿ ಒಂದು ದೊಡ್ಡ ಕಂಪನಿಗೆ ಹಾಡಿದಳು. ಹಾಡು ಒಂದೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಆ ಕಾಲದಲ್ಲಿ ಅದು ಮಾಮೂಲಿ. ಆದರೆ ಇಲ್ಲಿ ತಾಳದ ಕುಲುಕು, ಹಿಮ್ಮೇಳದ ಉತ್ತರಗಳು, ವಾದ್ಯಗಳು ಬಂದು ಹೋಗುವ ಜಾಗ, ಎಲ್ಲ ಹೆಚ್ಚುಕಮ್ಮಿ ಹಾಗೆಯೇ ಇದ್ದವು. ಬದಲಾಗಿದ್ದು ಮುಂದೆ ನಿಂತು ಹಾಡುವ ದನಿ ಮಾತ್ರ.

ಎರಡನೆಯ ರೆಕಾರ್ಡು ರಾಷ್ಟ್ರಮಟ್ಟದ ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಮೊದಲನೆಯದು ಅದೇ ಪಟ್ಟಿಯಲ್ಲಿ 14ಕ್ಕೆ ನಿಂತಿತು. ಕಪ್ಪು ಕೇಳುಗರ 'ರಿದಮ್ ಅಂಡ್ ಬ್ಲೂಸ್' ಪಟ್ಟಿಯಲ್ಲಿ ಮಾತ್ರ ಅದು 4ರವರೆಗೆ ಹೋಯಿತು.

ಈ ಪ್ರಕರಣದಲ್ಲಿರುವವರ ಹೆಸರು ಹಾಕುತ್ತಿಲ್ಲ. ಆ ಕಾಲದ ಸಂಗೀತ ಗೊತ್ತಿದ್ದವರಿಗೆ ಊಹಿಸುವುದು ಕಷ್ಟವಲ್ಲ. ಆದರೆ ಹೆಸರು ಬಂದ ತಕ್ಷಣ ಯಾರು ಒಳ್ಳೆಯವರು, ಯಾರು ಕೆಟ್ಟವರು ಅನ್ನುವ ಜಗಳ ಶುರುವಾಗುತ್ತದೆ. ನನಗೆ ಬೇಕಿರುವುದು ಯಾರು ಯಾವ ಹಂತದಲ್ಲಿ ಏನು ನಿರ್ಧಾರ ಮಾಡಿದರು ಅನ್ನುವುದು. ಹಾಗಾಗಿ ಇಲ್ಲಿ ಅವರು ಮೊದಲ ಗಾಯಕಿ, ಎರಡನೆಯ ಗಾಯಕಿ, ಚಿಕ್ಕ ಕಂಪನಿ, ದೊಡ್ಡ ಕಂಪನಿ, ಅಷ್ಟೇ. ಸುತ್ತಮುತ್ತಲಿನ ಇತಿಹಾಸದ ಹೆಸರುಗಳನ್ನು ಹಾಗೆಯೇ ಇಟ್ಟಿದ್ದೇನೆ.

ಹಿನ್ನೆಲೆ: ಪಿಯಾನೊ ರೋಲಿನ ಕಾಲದ ಕಾನೂನು

ಕಥೆಯ ಬೇರು 1909ರಲ್ಲಿದೆ. ಆ ವರ್ಷ ಅಮೆರಿಕದ ಸಂಸತ್ತು ಹೊಸ ಕೃತಿಸ್ವಾಮ್ಯ ಕಾನೂನು ಮಾಡಿತು. ಆಗ ಮನೆಮನೆಗೆ ಬರುತ್ತಿದ್ದದ್ದು ತಾನೇ ನುಡಿಯುವ ಪಿಯಾನೊ. ತೂತು ಹೊಡೆದ ಕಾಗದದ ಸುರುಳಿ ಹಾಕಿದರೆ ಹಾಡು ಬರುತ್ತಿತ್ತು. ಈಯೋಲಿಯನ್ ಅನ್ನುವ ಕಂಪನಿ ಹಾಡುಗಳ ಹಕ್ಕು ಇಟ್ಟುಕೊಂಡಿದ್ದ ದೊಡ್ಡ ದೊಡ್ಡ ಪಬ್ಲಿಷರ್‌ಗಳ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡಿತ್ತು. ಹಾಡೆಲ್ಲ ಒಂದೇ ಕಂಪನಿಯ ಕೈಗೆ ಹೋಗುತ್ತದೆ ಅನ್ನುವ ಭಯ ಹುಟ್ಟಿತು. ಅದನ್ನು ತಡೆಯಲು ಸಂಸತ್ತು ಒಂದು ನಿಯಮ ತಂದಿತು: ಹಾಡಿನ ಒಡೆಯರು ಒಬ್ಬರಿಗೆ ಒಮ್ಮೆ ಒಪ್ಪಿಗೆ ಕೊಟ್ಟರೆ, ಆಮೇಲೆ ಯಾರು ಬೇಕಾದರೂ ಪ್ರತಿಯೊಂದಕ್ಕೆ 2 ಸೆಂಟ್ ಕಟ್ಟಿ ಅದನ್ನು ತಯಾರಿಸಬಹುದು. ಒಡೆಯರು ಬೇಡ ಅನ್ನುವ ಹಾಗಿಲ್ಲ.

ಆ 2 ಸೆಂಟ್ ದರ 1955ರಲ್ಲೂ ಹಾಗೆಯೇ ಇತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಕಾನೂನಿನ ಕಣ್ಣಿಗೆ ಹಾಡು ಅಂದರೆ ಕಾಗದದ ಮೇಲಿನ ಸ್ವರ ಮತ್ತು ಸಾಹಿತ್ಯ. ರೆಕಾರ್ಡಿನಲ್ಲಿ ಕೇಳಿಸುವ ಸದ್ದಿಗೆ, ಹಾಡಿದ ರೀತಿಗೆ, ಬ್ಯಾಂಡು ಜೋಡಿಸಿದ ಬಗೆಗೆ ಫೆಡರಲ್ ಕೃತಿಸ್ವಾಮ್ಯವೇ ಇರಲಿಲ್ಲ. ರೇಡಿಯೊದಲ್ಲಿ ರೆಕಾರ್ಡು ಬಾರಿಸಿದರೆ ಹಾಡು ಬರೆದವರಿಗೂ ಪಬ್ಲಿಷರ್‌ಗೂ ಹಣ ಬರುತ್ತಿತ್ತು. ಹಾಡಿದವರಿಗೆ ಒಂದು ಸೆಂಟೂ ಇಲ್ಲ. ಜೂಕ್‌ಬಾಕ್ಸ್‌ನಲ್ಲಿ ಬಾರಿಸಿದರೆ ಬರೆದವರಿಗೂ ಇಲ್ಲ, ಯಾಕೆಂದರೆ ಕಾಸು ಹಾಕಿ ಕೇಳುವ ಯಂತ್ರಗಳಿಗೆ 1909ರ ಕಾನೂನೇ ವಿನಾಯಿತಿ ಕೊಟ್ಟಿತ್ತು.

ಈ ಕಾನೂನಿಗೆ ತಕ್ಕಂತೆ ಉದ್ಯಮವೂ ಬೆಳೆದಿತ್ತು. ಒಂದು ಹಾಡು ಓಡಿದರೆ ಐದಾರು ಕಂಪನಿಗಳು ತಮ್ಮ ತಮ್ಮ ಗಾಯಕರಿಂದ ಅದನ್ನು ಹಾಡಿಸಿ ಮಾರುಕಟ್ಟೆಗೆ ಬಿಡುತ್ತಿದ್ದವು. ರೇಡಿಯೊದಲ್ಲಿ ವಾರದ ಜನಪ್ರಿಯ ಹಾಡುಗಳ ಕಾರ್ಯಕ್ರಮ ಬಂದರೆ, ಆ ಹಾಡುಗಳನ್ನು ಹಾಡುತ್ತಿದ್ದದ್ದು ಕಾರ್ಯಕ್ರಮದ ಸಂಬಳದ ಗಾಯಕರು. 'ಬಿಲ್‌ಬೋರ್ಡ್' ಪತ್ರಿಕೆ 1945ರಿಂದ ಹಾಡುಗಳದ್ದೇ ಒಂದು ಪಟ್ಟಿ ಹಾಕುತ್ತಿತ್ತು. ಒಂದು ಹಾಡಿನ ಹೆಸರು, ಅದರ ಕೆಳಗೆ ಅದನ್ನು ಹಾಡಿದವರೆಲ್ಲರ ರೆಕಾರ್ಡುಗಳು. ಯಾರ ರೆಕಾರ್ಡು ಅನ್ನುವುದು ಎರಡನೆಯ ಪ್ರಶ್ನೆ.

ಈ ವ್ಯವಸ್ಥೆ 1940ರ ದಶಕದಲ್ಲಿ ಅಲ್ಲಾಡತೊಡಗಿತು. 1941ರಲ್ಲಿ ರೇಡಿಯೊ ಕೇಂದ್ರಗಳಿಗೂ ಹಾಡು ಬರೆಯುವವರ ಹಳೆಯ ಸಂಘವಾದ ಆಸ್ಕ್ಯಾಪ್‌ಗೂ ದರದ ವಿಷಯದಲ್ಲಿ ಜಗಳವಾಯಿತು. ಸುಮಾರು 10 ತಿಂಗಳು ರೇಡಿಯೊದಲ್ಲಿ ಆ ಸಂಘದ ಹಾಡುಗಳು ಬರಲಿಲ್ಲ. ರೇಡಿಯೊದವರೇ 1939ರಲ್ಲಿ ಕಟ್ಟಿಕೊಂಡಿದ್ದ ಬಿಎಂಐ ಅನ್ನುವ ಹೊಸ ಸಂಸ್ಥೆಗೆ ಇದರಿಂದ ಬಾಗಿಲು ತೆರೆಯಿತು. ಹಳೆಯ ಸಂಘ ಸೇರಿಸಿಕೊಳ್ಳದ ಬ್ಲೂಸ್, ಕಂಟ್ರಿ ಹಾಡುಗಾರರಿಗೆ ಅಲ್ಲಿ ಜಾಗ ಸಿಕ್ಕಿತು. 1942ರ ಆಗಸ್ಟ್ 1ರಿಂದ ವಾದ್ಯಗಾರರ ಯೂನಿಯನ್ ರೆಕಾರ್ಡಿಂಗ್ ನಿಲ್ಲಿಸಿತು. ಅದರ ಅಧ್ಯಕ್ಷ ಜೇಮ್ಸ್ ಪೆಟ್ರಿಲ್ಲೊ. ದೊಡ್ಡ ರೆಕಾರ್ಡ್ ಕಂಪನಿಗಳಲ್ಲಿ ಡೆಕ್ಕಾ 1943ರಲ್ಲಿ ರಾಜಿಗೆ ಬಂತು. ಕೊಲಂಬಿಯಾ ಮತ್ತು ವಿಕ್ಟರ್ 1944ರ ನವೆಂಬರ್‌ವರೆಗೂ ಹಟ ಹಿಡಿದು ಕೂತವು. ಅಷ್ಟರಲ್ಲಿ ಮತ್ತು ಯುದ್ಧ ಮುಗಿದ ಮೇಲೆ ಊರೂರಲ್ಲಿ ಚಿಕ್ಕ ಕಂಪನಿಗಳು ಹುಟ್ಟಿದವು. ದೊಡ್ಡವರು ಕೈಬಿಟ್ಟಿದ್ದ ಕಪ್ಪು ಸಂಗೀತವನ್ನು ಅವರು ಹಿಡಿದುಕೊಂಡರು. ಟಿವಿ ಬಂದ ಮೇಲೆ ರಾಷ್ಟ್ರೀಯ ರೇಡಿಯೊ ಜಾಲಗಳು ಸೊರಗಿದವು, ಊರಿನ ಕೇಂದ್ರಗಳು ರೆಕಾರ್ಡು ಬಾರಿಸಿ ಮಾತಾಡುವ ಡಿಸ್ಕ್ ಜಾಕಿಗಳ ಮೇಲೆ ನಿಂತವು. ಮೆಂಫಿಸ್‌ನ ಡಬ್ಲ್ಯುಡಿಐಎ ಕೇಂದ್ರ 1940ರ ದಶಕದ ಕೊನೆಯಲ್ಲೇ ಕಪ್ಪು ಕೇಳುಗರಿಗಾಗಿ ಇಡೀ ದಿನದ ಕಾರ್ಯಕ್ರಮ ನಡೆಸತೊಡಗಿತು. ರಾತ್ರಿ ಹೊತ್ತು ಆ ಸ್ಟೇಷನ್‌ಗಳನ್ನು ಬಿಳಿ ಹುಡುಗ ಹುಡುಗಿಯರೂ ಕದ್ದುಮುಚ್ಚಿ ಕೇಳುತ್ತಿದ್ದರು. ಜನಾಂಗ ಬೇರ್ಪಡಿಸಿದ ಶಾಲೆಗಳಿರಬಹುದು, ಬಸ್ಸಿನ ಸೀಟುಗಳಿರಬಹುದು, ಆದರೆ ರೇಡಿಯೊದ ಅಲೆಗೆ ಗೋಡೆ ಕಟ್ಟುವುದು ಹೇಗೆ?

ಸಮಸ್ಯೆ

ನಮ್ಮ ಮೊದಲ ಗಾಯಕಿ ಈ ಹೊಸ ಗಾಳಿಯಲ್ಲಿ ಬಂದವಳು. ಹಲವು ವರ್ಷ ಕ್ಲಬ್ಬುಗಳಲ್ಲಿ ಹಾಡಿ ಪಳಗಿದ್ದಳು. ದಪ್ಪ, ತುಂಟ, ತುಂಬುದನಿ. 1954ರ ಆ ಹಾಡು ಮಕ್ಕಳ ಪ್ರಾಸದಂತಹ ಹಗುರ ಹಾಡು. ಹಾಡು ಬರೆದವರೂ ಕಪ್ಪು ಜನಾಂಗದವರೇ. ಹಾಳೆಯ ಮೇಲೆ ಅದರಲ್ಲಿ ದೊಡ್ಡದೇನೂ ಇಲ್ಲ. ಸ್ಟುಡಿಯೊದಲ್ಲಿ ಅದಕ್ಕೆ ಕೊಟ್ಟ ಕುಲುಕು ತಾಳ, ಹಿಮ್ಮೇಳದ ಗಂಡುದನಿಗಳ ಚುರುಕು, ಅವಳು ಪದಗಳನ್ನು ಜಗಿಯುವ ಬಗೆ, ಇವುಗಳಿಂದಲೇ ಅದು ರೆಕಾರ್ಡು ಆಯಿತು. ಅಂದರೆ ಆ ರೆಕಾರ್ಡಿನ ಬೆಲೆಯೆಲ್ಲ ಕಾನೂನು ಕಾಪಾಡದ ಭಾಗದಲ್ಲೇ ಇತ್ತು.

ಅದು ಪಾಪ್ ಕೇಳುಗರ ಕಡೆಗೂ ಹೊರಳುತ್ತಿದೆ ಅನ್ನುವ ಸುಳಿವು ಸಿಕ್ಕಿದ್ದೇ ದೊಡ್ಡ ಕಂಪನಿ ಎದ್ದು ಕೂತಿತು. ಅವರ ಸ್ವಂತ ರೆಕಾರ್ಡು ಅಚ್ಚಿನ ಕಾರ್ಖಾನೆ, ದೇಶದುದ್ದಕ್ಕೂ ಹಂಚುವ ಜಾಲ, ಎಲ್ಲ ಸಿದ್ಧವಿದ್ದವು. ಚಿಕ್ಕ ಕಂಪನಿಯ ಪಾಡು ಬೇರೆ. ಪ್ರತಿ ಪ್ರತಿಗೂ ಅಚ್ಚಿನವರಿಗೆ ಮೊದಲು ಹಣ ಕೊಡಬೇಕು. ಹಂಚಿಕೆದಾರರಿಂದ ವಾಪಸು ಬರುವುದು ತಿಂಗಳುಗಳ ಮೇಲೆ, ಅದೂ ಮುಂದಿನ ಹಿಟ್ ಕೊಟ್ಟರೆ ಮಾತ್ರ. ರೆಕಾರ್ಡು ಚೆನ್ನಾಗಿ ಓಡಿದ್ದರಿಂದಲೇ ಕೈಯಲ್ಲಿ ಕಾಸಿಲ್ಲದೆ ಮುಚ್ಚಿಹೋದ ಚಿಕ್ಕ ಕಂಪನಿಗಳೂ ಆಗ ಇದ್ದವು.

ದೊಡ್ಡ ಕಂಪನಿ ಅರೇಂಜ್‌ಮೆಂಟನ್ನೂ, ಅಂದರೆ ತಾಳ, ಹಿಮ್ಮೇಳ, ವಾದ್ಯ ಜೋಡಿಸಿದ ಬಗೆಯನ್ನೂ, ಹಾಗೆಯೇ ಎತ್ತಿಕೊಂಡಿತು. ಮೊದಲ ರೆಕಾರ್ಡಿನಲ್ಲಿ ನುಡಿಸಿದ್ದ ವಾದ್ಯಗಾರರನ್ನೇ ಕರೆಸಿದರು, ಕೊನೆಗೆ ಚಿಕ್ಕ ಕಂಪನಿಯ ರೆಕಾರ್ಡಿಂಗ್ ಎಂಜಿನಿಯರ್‌ಗೂ ಫೋನ್ ಮಾಡಿ "ಅದೇ ಸದ್ದು ಬೇಕು, ನೀವೇ ಬನ್ನಿ" ಅನ್ನುವ ಅರ್ಥದಲ್ಲಿ ಕೇಳಿದರು ಎಂದು ಚಿಕ್ಕ ಕಂಪನಿಯ ಪಾಲುದಾರರೊಬ್ಬರು ಎಷ್ಟೋ ವರ್ಷಗಳ ನಂತರ ಹೇಳಿಕೊಂಡಿದ್ದಾರೆ. ವಾದ್ಯಗಾರರನ್ನು ದೂರುವ ಹಾಗಿಲ್ಲ. ಅವರಿಗೆ ಸಿಗುತ್ತಿದ್ದದ್ದು ಒಂದು ಸೆಷನ್ನಿಗೆ ಯೂನಿಯನ್ ಗೊತ್ತುಮಾಡಿದ ಕೂಲಿ. ರೆಕಾರ್ಡು ಎಷ್ಟೇ ಮಾರಿದರೂ ಆ ಕೂಲಿಯೇ. ಮತ್ತೆ ಕರೆದರೆ ಮತ್ತೊಂದು ದಿನದ ಸಂಪಾದನೆ, ಹೋಗದೆ ಇರುತ್ತಾರಾ?

ಎರಡನೆಯ ಗಾಯಕಿಯ ವಿಷಯದಲ್ಲೂ ಸ್ವಲ್ಪ ನಿಧಾನಿಸಬೇಕು. ಅವಳು ಬ್ಯಾಂಡುಗಳ ಕಾಲದಿಂದ ಹಾಡುತ್ತಿದ್ದ, ಅನುಭವವಿದ್ದ ಗಾಯಕಿ. ಹಾಡು ಆರಿಸುವುದು ತನ್ನ ಕೈಯಲ್ಲಿರಲಿಲ್ಲ ಎಂದು ಆಮೇಲೆ ಹೇಳಿದಳು. ಅದು ನಿಜವೇ ಇರಬೇಕು. ಆಗ ಕಂಪನಿಯಲ್ಲಿ 'ಎ ಅಂಡ್ ಆರ್' ಅನ್ನುವ ಹುದ್ದೆಯವರು ಯಾರು ಯಾವ ಹಾಡು ಹಾಡಬೇಕು, ಯಾವ ವಾದ್ಯ ಇರಬೇಕು ಎಲ್ಲ ತೀರ್ಮಾನಿಸುತ್ತಿದ್ದರು. ಕೊಲಂಬಿಯಾದ ಮಿಚ್ ಮಿಲ್ಲರ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಆದರೂ ಅದೇ 1955ರಲ್ಲಿ ಇನ್ನೊಬ್ಬ ಕಪ್ಪು ಹುಡುಗಿಯ ರೆಕಾರ್ಡಿನ ಸಾಹಿತ್ಯವನ್ನು ತಿಳಿ ಮಾಡಿ ಈ ಎರಡನೆಯ ಗಾಯಕಿಯ ಕೈಲಿ ಹಾಡಿಸಿದರು, ಅದು ಒಂದನೇ ಸ್ಥಾನಕ್ಕೇ ಹೋಯಿತು. ಒಂದು ಸಲ ಆದರೆ ಕಾಕತಾಳೀಯ ಅನ್ನಬಹುದು. ಇದು ಒಂದು ವ್ಯಾಪಾರದ ಪದ್ಧತಿಯೇ ಆಗಿತ್ತು.

ಹಣ ಯಾರ ಕೈ ಸೇರಿತು

ಇಲ್ಲಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಯಾಕೆಂದರೆ ಈ ತರಹದ ಕಥೆಗಳನ್ನು ಕೇಳುವಾಗ 'ಬಿಳಿಯರು ಕಪ್ಪು ಜನರ ಹಣ ಕದ್ದರು' ಅನ್ನುವ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಆ ಸಾಲು ಸುಳ್ಳಲ್ಲ. ಆದರೆ ಒಳಗೆ ಹೊಕ್ಕು ನೋಡಿದರೆ ಇನ್ನೂ ವಿಚಿತ್ರ ಕಾಣಿಸುತ್ತದೆ.

ಒಂದು ರೆಕಾರ್ಡು 10 ಲಕ್ಷ ಪ್ರತಿ ಮಾರಿತು ಅಂದುಕೊಳ್ಳಿ. 2 ಸೆಂಟ್‌ನಂತೆ ಹಾಡಿನ ಪಾಲು 20,000 ಡಾಲರ್. ರೂಢಿಯಂತೆ ಅದರಲ್ಲಿ ಅರ್ಧ ಪಬ್ಲಿಷರ್‌ಗೆ, ಅರ್ಧ ಬರೆದವರಿಗೆ. ಈ ಹಣ ಮೊದಲ ರೆಕಾರ್ಡು ಮಾರಿದರೂ ಬರುತ್ತದೆ, ಎರಡನೆಯದು ಮಾರಿದರೂ ಬರುತ್ತದೆ. ಹಾಡು ಬರೆದವರಿಗೆ ದೊಡ್ಡ ಕಂಪನಿಯ ನಕಲು ಒಂದು ಹಬ್ಬವೇ. ತಮ್ಮ ಹಾಡು ಬಿಳಿಯರ ರೇಡಿಯೊಗೂ ಹೋಯಿತು, ಅಲ್ಲಿಂದಲೂ ಕಾಸು ಬಂತು. ಮೊದಲ ಗಾಯಕಿಗೆ ಬರುವುದು ಅವಳದೇ ರೆಕಾರ್ಡಿನ ಪ್ರತಿಗಳ ಮೇಲಿನ ರಾಯಲ್ಟಿ ಮಾತ್ರ. ಅದೂ ಬೆಲೆಯ ಕೆಲವೇ ಶೇಕಡಾ. ಅದರಲ್ಲೂ ಸ್ಟುಡಿಯೊ ಖರ್ಚು, ಮುಂಗಡ ಎಲ್ಲ ಮುರಿದುಕೊಂಡ ಮೇಲೆ ಉಳಿದದ್ದು. ಎರಡನೆಯ ರೆಕಾರ್ಡಿನ ಒಂದೊಂದು ಪ್ರತಿ ಮಾರಿದಾಗಲೂ ಅವಳದ್ದು ಮಾರದೆ ಉಳಿಯುವ ಸಾಧ್ಯತೆ, ಕೈಗೆ ಬರುವುದು ಸೊನ್ನೆ.

ಚಿಕ್ಕ ಕಂಪನಿ ಎಲ್ಲಿತ್ತು? ನನ್ನ ಪ್ರಕಾರ ಕಥೆಯ ಗಂಟು ಇರುವುದು ಇಲ್ಲೇ. ಆಗಿನ ಚಿಕ್ಕ ಕಂಪನಿಗಳು ಸಾಮಾನ್ಯವಾಗಿ ಪಕ್ಕದಲ್ಲೇ ಒಂದು ಪಬ್ಲಿಷಿಂಗ್ ಸಂಸ್ಥೆಯನ್ನೂ ಇಟ್ಟುಕೊಂಡಿರುತ್ತಿದ್ದವು. ತಮ್ಮಲ್ಲಿ ರೆಕಾರ್ಡು ಆಗುವ ಹಾಡುಗಳ ಹಕ್ಕು ಅಲ್ಲಿಗೆ ಹೋಗುತ್ತಿತ್ತು. ಹೀಗಿದ್ದಾಗ ಬೇರೆ ಕಂಪನಿ ಹಾಡನ್ನು ಎತ್ತಿಕೊಂಡರೆ ಒಂದು ಜೇಬಿಗೆ ನಷ್ಟ, ಇನ್ನೊಂದು ಜೇಬಿಗೆ ಲಾಭ. ಕಂಪನಿಗೆ ಸಿಟ್ಟು ಬರುತ್ತದೆ, ಆದರೆ ಹೊಟ್ಟೆ ಉರಿಯುವಷ್ಟು ಅಲ್ಲ. ಹಾಡಿದವಳಿಗೆ ಆ ಎರಡನೆಯ ಜೇಬೇ ಇಲ್ಲ. ಹೊರಗಿನವರಿಗೆ ಗಾಯಕಿ ಮತ್ತು ಅವಳ ಕಂಪನಿ ಒಂದೇ ಪಕ್ಷದಲ್ಲಿ ನಿಂತಂತೆ ಕಾಣುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಅವರ ದಾರಿ ಬೇರೆಯಾಗಿತ್ತು.

ಈ ಹಾಡಿನಿಂದ ತನಗೆ ಸುಮಾರು 15,000 ಡಾಲರ್ ರಾಯಲ್ಟಿ ತಪ್ಪಿಹೋಯಿತು ಎಂದು ಮೊದಲ ಗಾಯಕಿ ಅಂದಾಜು ಮಾಡಿದಳು. 1955ರಲ್ಲಿ ಅದು ಒಂದು ಒಳ್ಳೆಯ ಮನೆಯ ಬೆಲೆ.

ಮುಚ್ಚಿದ್ದ ಬಾಗಿಲು

ಕೋರ್ಟಿಗೆ ಹೋಗಬಹುದಿತ್ತಲ್ಲ ಅನ್ನಿಸುತ್ತದೆ. ಐದು ವರ್ಷ ಹಿಂದೆ ಒಬ್ಬರು ಹೋಗಿ ಸೋತಿದ್ದರು. ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಮಾಲೀಕರೊಬ್ಬರ 'ಸುಪ್ರೀಂ ರೆಕಾರ್ಡ್ಸ್' ಅನ್ನುವ ಪುಟ್ಟ ಕಂಪನಿ ಇತ್ತು. 1948ರಲ್ಲಿ ಕಪ್ಪು ಗಾಯಕಿ ಪೌಲಾ ವಾಟ್ಸನ್ ಅಲ್ಲಿಗೆ ಹಾಡಿದ ಒಂದು ಹಾಡು ಓಡತೊಡಗಿತು. ಡೆಕ್ಕಾ ಅದನ್ನು ಬಿಳಿ ಗಾಯಕಿ ಎವಲಿನ್ ನೈಟ್ ಕೈಲಿ ಹಾಡಿಸಿತು, 1949ರ ಆರಂಭದಲ್ಲಿ ಅದು ದೇಶದ ಮೊದಲ ಸ್ಥಾನಕ್ಕೆ ಹೋಯಿತು. ಅರೇಂಜ್‌ಮೆಂಟ್ ಕದ್ದಿದ್ದಾರೆ ಎಂದು ಸುಪ್ರೀಂ ಕಂಪನಿ ಡೆಕ್ಕಾ ವಿರುದ್ಧ ದಾವೆ ಹೂಡಿತು.

1950ರಲ್ಲಿ ಫೆಡರಲ್ ನ್ಯಾಯಾಧೀಶ ಲಿಯಾನ್ ಯಾಂಕ್ವಿಚ್ ತೀರ್ಪು ಕೊಟ್ಟರು. ಹಾಡಿನ ಹಕ್ಕಿಗೆ ಡೆಕ್ಕಾ ಸರಿಯಾಗಿ ಲೈಸೆನ್ಸ್ ಪಡೆದಿತ್ತು. ಹಾಡನ್ನು ಜೋಡಿಸಿದ ಬಗೆ ಒಬ್ಬರ ಆಸ್ತಿ ಅನ್ನಿಸಿಕೊಳ್ಳಬೇಕಾದರೆ ಅದಕ್ಕೆ ಎದ್ದು ಕಾಣುವ ಸ್ವಂತಿಕೆ ಬೇಕು, ಇಲ್ಲಿ ಅದಿಲ್ಲ ಅಂದರು. ಸಾಮಾನ್ಯ ಕೇಳುಗರು ಒಂದನ್ನು ಇನ್ನೊಂದು ಎಂದು ಮೋಸ ಹೋಗುವುದೂ ಇಲ್ಲ ಅಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಕಾನೂನಿನ ಮಾತು. ಅವರು ಎರಡೂ ರೆಕಾರ್ಡು ಕೇಳಿ, ವಾಟ್ಸನ್ ಅವರದ್ದು ಯಾಂತ್ರಿಕ, ಸ್ಫೂರ್ತಿಯಿಲ್ಲದ್ದು, ನೈಟ್ ಅವರದ್ದು ತುಂಬಿದ, ಹೊಳಪಿನ ಸಂಗೀತ ಎಂದೂ ಬರೆದರು. ಆ ರುಚಿ ಯಾರದ್ದು, ಯಾವ ಮನೆಯದ್ದು ಎಂದು ಹೇಳಬೇಕಾಗಿಲ್ಲ. ಬ್ಲೂಸ್ ಗಾಯಕಿ ಸ್ವರವನ್ನು ಎಳೆಯುವುದು ಅವರ ಕಿವಿಗೆ ಜನಾಂಗದ ಅಭ್ಯಾಸವಾಗಿ ಕೇಳಿಸಿತು, ಕಲೆಯಾಗಿ ಕೇಳಿಸಲಿಲ್ಲ.

ಈ ತೀರ್ಪಿನ ನಂತರ ದೊಡ್ಡ ಕಂಪನಿಗಳಿಗೆ ಹೆದರಿಕೆ ಉಳಿಯಲಿಲ್ಲ. 1954ರಲ್ಲಿ 'ದಿ ಕಾರ್ಡ್ಸ್' ಅನ್ನುವ ಕಪ್ಪು ತಂಡದ ಹಾಡನ್ನು 'ಕ್ರೂ ಕಟ್ಸ್' ಅನ್ನುವ ಬಿಳಿ ತಂಡ ಹಾಡಿ ಒಂದನೇ ಸ್ಥಾನಕ್ಕೆ ಹೋಯಿತು. ನಮ್ಮ ಪ್ರಕರಣ ಇದರ ಬೆನ್ನಿಗೇ ಬಂದದ್ದು.

ಅವಳು ಏನು ಮಾಡಿದಳು

ಅವಳು ಸಂಸತ್ತಿಗೆ ಪತ್ರ ಬರೆದಳು. ಮಿಷಿಗನ್‌ನಿಂದ ಆಗಷ್ಟೇ ಗೆದ್ದು ಬಂದಿದ್ದ ಒಬ್ಬ ಕಪ್ಪು ಸಂಸದರಿಗೆ, 1909ರ ಕಾನೂನು ತಿದ್ದಬೇಕು ಎಂದು. 1955ರ ಮಾರ್ಚ್ ಹೊತ್ತಿಗೆ ಉದ್ಯಮದ ಪತ್ರಿಕೆಗಳಲ್ಲಿ ಅದರ ಸುದ್ದಿ ಬಂತು.

ಆ ಪತ್ರದ ವಾದವನ್ನು ಗಮನಿಸಬೇಕು. ನನ್ನ ಹಾಡನ್ನು ಬೇರೆಯವರು ಹಾಡಬಾರದು ಎಂದು ಅವಳು ಕೇಳಲಿಲ್ಲ. ಯಾರು ಬೇಕಾದರೂ ಹಾಡಲಿ, ನನ್ನ ಸಂಗೀತವನ್ನು ಒಂದೊಂದು ಸ್ವರ ಬಿಡದೆ ಎತ್ತಿಕೊಳ್ಳುವ ಸೊಕ್ಕನ್ನು ಮಾತ್ರ ಸಹಿಸಲಾರೆ ಅನ್ನುವುದು ಅವಳ ಮಾತಿನ ಸಾರ. ಕವರ್ ಹಾಡುವುದು, ಅಂದರೆ ಇನ್ನೊಬ್ಬರು ಹಾಡಿದ ಹಾಡನ್ನು ತಾವೂ ಹಾಡುವುದು, ಉದ್ಯಮದ ಉಸಿರು. ಅದನ್ನು ನಿಲ್ಲಿಸಿ ಅಂದಿದ್ದರೆ ಅವಳ ಪರವಾಗಿ ಒಬ್ಬರೂ ನಿಲ್ಲುತ್ತಿರಲಿಲ್ಲ, ಹಾಡು ಬರೆಯುವವರು ಮೊದಲು ಎದುರು ಬೀಳುತ್ತಿದ್ದರು. ಅವಳು ತನಗೆ ನೋವಾದ ಜಾಗವನ್ನು ಅಳತೆ ಮಾಡಿ ಅಷ್ಟಕ್ಕೇ ಬೆರಳಿಟ್ಟಳು. ವಕೀಲರಿಗೂ ಸುಲಭವಾಗಿ ಹೊಳೆಯದ ಸೂಕ್ಷ್ಮ ಅದು.

ಆದರೂ ಕಾನೂನು ಒಂದಿಂಚೂ ಅಲ್ಲಾಡಲಿಲ್ಲ. ಅಲ್ಲಾಡಿಸುವವರು ಯಾರು? ಪಬ್ಲಿಷರ್‌ಗಳಿಗೆ ಇದ್ದ ವ್ಯವಸ್ಥೆಯೇ ಲಾಭ. ರೇಡಿಯೊದವರಿಗೆ ಹೊಸ ಹಕ್ಕು ಅಂದರೆ ಹೊಸ ಖರ್ಚು. ಜೂಕ್‌ಬಾಕ್ಸ್‌ನವರು ತಮ್ಮ ವಿನಾಯಿತಿ ಉಳಿಸಿಕೊಳ್ಳಲು ವರ್ಷ ವರ್ಷವೂ ಹೋರಾಡುತ್ತಿದ್ದರು. ದೊಡ್ಡ ಕಂಪನಿಗಳ ಮಾತು ಬೇಡವೇ ಬೇಡ. ಒಬ್ಬ ಗಾಯಕಿ, ಒಬ್ಬ ಹೊಸ ಸಂಸದ, ಎದುರಿಗೆ ಇಷ್ಟು ಜನ.

ಪತ್ರ ಕೆಲಸ ಮಾಡಿದ್ದು ಬೇರೆ ಕಡೆ. ವಿಷಯ ಬಾಯಿಂದ ಬಾಯಿಗೆ ಹೋಯಿತು. 1955ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಡಬ್ಲ್ಯುಐಎನ್‌ಎಸ್ ರೇಡಿಯೊ ಕೇಂದ್ರ ನಕಲು ರೆಕಾರ್ಡುಗಳನ್ನು ಬಾರಿಸುವುದಿಲ್ಲ ಎಂದು ಪ್ರಕಟಿಸಿತು. ಹೊಸ ರೀತಿಯಲ್ಲಿ ಹಾಡಿದ್ದರೆ ಸರಿ, ಅರೇಂಜ್‌ಮೆಂಟನ್ನೇ ಎತ್ತಿಕೊಂಡಿದ್ದರೆ ಬೇಡ. ಗಾಯಕಿ ಸಂಸತ್ತಿನಲ್ಲಿ ಕೇಳಿದ ಗೆರೆಯನ್ನೇ ಒಂದು ರೇಡಿಯೊ ಕೇಂದ್ರ ತನ್ನ ಮಟ್ಟಿಗೆ ಎಳೆದುಕೊಂಡಿತು. ಅದೇ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲನ್ ಫ್ರೀಡ್ ಮೊದಲಿಂದಲೂ ಮೂಲ ರೆಕಾರ್ಡುಗಳನ್ನೇ ಬಾರಿಸುತ್ತಿದ್ದ ಡಿಸ್ಕ್ ಜಾಕಿ.

ಹಾಗಂತ ಫ್ರೀಡ್ ಅವರನ್ನು ಸಂತ ಮಾಡುವುದು ಬೇಡ. ಅದೇ 1955ರಲ್ಲಿ ಕಪ್ಪು ಗಾಯಕ ಚಕ್ ಬೆರಿ ಅವರ ಮೊದಲ ಹಿಟ್ ಹಾಡು 'ಮೇಬೆಲೀನ್' ಬಂದಾಗ ಬರೆದವರ ಸಾಲಿನಲ್ಲಿ ಫ್ರೀಡ್ ಹೆಸರೂ ಸೇರಿಕೊಂಡಿತ್ತು. ಹಾಡು ಬರೆದದ್ದು ಬೆರಿ. ತಮ್ಮ ಹಾಡು ಪೂರ್ತಿ ತಮ್ಮ ಹೆಸರಿಗೆ ವಾಪಸು ಬರಲು ಅವರು 1986ರವರೆಗೆ ಕಾಯಬೇಕಾಯಿತು. ಹಾಡಿಗೆ ಕನ್ನ ಹಾಕುವುದು ದೊಡ್ಡ ಕಂಪನಿಯ ಗುತ್ತಿಗೆಯೇನೂ ಆಗಿರಲಿಲ್ಲ, ಗೆಳೆಯರ ಮನೆಯಲ್ಲೂ ಅದು ನಡೆಯುತ್ತಿತ್ತು.

ಮೊದಲ ಗಾಯಕಿಯ ಬಗ್ಗೆ ಒಂದು ಕಥೆ ಸಂಗೀತದ ಮಂದಿಯಲ್ಲಿ ಓಡಾಡುತ್ತದೆ. 1957ರಲ್ಲಿ ಆಸ್ಟ್ರೇಲಿಯಾ ಪ್ರವಾಸಕ್ಕೆ ವಿಮಾನ ಹತ್ತುವ ಮೊದಲು ಅವಳು ವಿಮೆ ಮಾಡಿಸಿದಳಂತೆ. ಹಣ ಯಾರಿಗೆ ಹೋಗಬೇಕು ಅನ್ನುವ ಜಾಗದಲ್ಲಿ ಎರಡನೆಯ ಗಾಯಕಿಯ ಹೆಸರು ಬರೆದಳಂತೆ. ನಾನು ಸತ್ತರೆ ಪಾಪ ಅವಳು ಯಾರನ್ನು ನೋಡಿ ಹಾಡುತ್ತಾಳೆ, ಅಂತ! ನಡೆದದ್ದೋ ಕಟ್ಟಿದ್ದೋ, ಅವಳ ನಾಲಿಗೆಗೆ ಒಪ್ಪುವ ಕಥೆ.

ತಿರುವು

ನಕಲಿನ ವ್ಯಾಪಾರ ಸೋತದ್ದು ಕೇಳುಗರ ಕೈಯಲ್ಲಿ. ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ರೆಕಾರ್ಡು 1949ರಲ್ಲಿ ಬಂದಿತ್ತು. ಹಗುರ, ಅಗ್ಗ, ಬೀಳಿಸಿದರೆ ಒಡೆಯುವುದಿಲ್ಲ. ಹದಿಹರೆಯದವರು ತಮ್ಮ ಜೇಬುಖರ್ಚಿನಲ್ಲಿ ತಾವೇ ಕೊಳ್ಳುವಂತಾಯಿತು. ಅಪ್ಪ ಅಮ್ಮಂದಿರು ಹಾಡನ್ನು ಕೇಳುತ್ತಿದ್ದರು. ಇವರು ರೆಕಾರ್ಡನ್ನು ಕೇಳುತ್ತಿದ್ದರು. ಆ ಕಿರುಚು, ಆ ಪಿಯಾನೊ ಗುದ್ದು, ಆ ಒರಟು ಪ್ರತಿಧ್ವನಿ ಇಲ್ಲದಿದ್ದರೆ ಅದು ಅವರಿಗೆ ಬೇಕಾದದ್ದೇ ಅಲ್ಲ.

1956ರ ಆರಂಭದಲ್ಲಿ ಕಪ್ಪು ಗಾಯಕ ಲಿಟಲ್ ರಿಚರ್ಡ್ ಅವರ ಮೊದಲ ಹಿಟ್ ಅನ್ನು ಬಿಳಿ ಗಾಯಕ ಪ್ಯಾಟ್ ಬೂನ್ ಹಾಡಿದಾಗ ಪಾಪ್ ಪಟ್ಟಿಯಲ್ಲಿ ಬೂನ್ ಮುಂದಿದ್ದರು. ಮುಂದಿನ ಹಾಡನ್ನು ರಿಚರ್ಡ್ ಮತ್ತು ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್ ಬೇಕೆಂದೇ ನಾಲಿಗೆ ತಿರುಗದಷ್ಟು ವೇಗದಲ್ಲಿ ಕಟ್ಟಿದರು ಎನ್ನುತ್ತಾರೆ. ಬೂನ್ ಅದನ್ನೂ ಹಾಡಿದರು. ಈ ಸಲ ರಿಚರ್ಡ್ 6ಕ್ಕೆ ಹೋದರು, ಬೂನ್ 8ಕ್ಕೆ ನಿಂತರು. ಕೆಲವೇ ತಿಂಗಳಲ್ಲಿ ತಕ್ಕಡಿ ಹೀಗೆ ವಾಲಿತ್ತು.

ನಮ್ಮ ಗಾಯಕಿಗೂ ಅದರ ಪಾಲು ಸಿಕ್ಕಿತು. 1956ರ ಕೊನೆಯಲ್ಲಿ ಅವಳದೊಂದು ಹಾಡು ಪಾಪ್ ಕೇಳುಗರನ್ನೂ ಮುಟ್ಟಿತು. 1959ರ ಆರಂಭದಲ್ಲಿ ಇನ್ನೊಂದು ಪಾಪ್ ಪಟ್ಟಿಯ 6ಕ್ಕೆ ಏರಿತು, ಅದು ಅವಳ ಅತಿ ದೊಡ್ಡ ಪಾಪ್ ಹಿಟ್. ಎರಡನೆಯ ಗಾಯಕಿಗೆ ಆ ಹೊತ್ತಿಗೆ ಹಿಟ್‌ಗಳು ಕಮ್ಮಿಯಾಗಿದ್ದವು. ಆದರೆ 1955ರ 15,000 ಡಾಲರ್ ಯಾವತ್ತೂ ವಾಪಸು ಬರಲಿಲ್ಲ. ದನಿ ಬಲವಾಗಿರುವ, ಹೆಸರು ಏರುತ್ತಿರುವ ಆ ಎರಡು ಮೂರು ವರ್ಷ ಗಾಯಕರ ಬದುಕಿನಲ್ಲಿ ಒಂದೇ ಸಲ ಬರುತ್ತವೆ.

ಕಲಿತದ್ದು, ಕಲಿಯದೆ ಉಳಿದದ್ದು

ಈ ಪ್ರಕರಣವನ್ನು ಜನಾಂಗದ ಅನ್ಯಾಯ ಎಂದು ಓದುವುದು ಸರಿ. ದೊಡ್ಡ ರೇಡಿಯೊ ಕೇಂದ್ರಗಳು ಕಪ್ಪು ದನಿಯನ್ನು ಬಾರಿಸದೆ ಬಿಳಿ ದನಿಯನ್ನು ಬಾರಿಸಿದ್ದರಿಂದಲೇ ನಕಲಿಗೆ ಅಷ್ಟು ಬೆಲೆ ಬಂತು. ಆದರೆ ಅನ್ಯಾಯ ಹರಿದದ್ದು 1909ರ ಕಾನೂನು ಬಿಟ್ಟ ಸಂದಿನಲ್ಲಿ. ಪಿಯಾನೊ ಸುರುಳಿಗೆ ಮಾಡಿದ ನಿಯಮ ರಾಕ್ ಅಂಡ್ ರೋಲ್ ಕಾಲದಲ್ಲೂ ಹಾಗೇ ನಿಂತಿತ್ತು. ಕೆಟ್ಟ ಮನಸ್ಸು ಮತ್ತು ಹಳೆಯ ಕಾನೂನು ಒಂದಕ್ಕೊಂದು ಹೆಗಲು ಕೊಟ್ಟವು. ಒಂದನ್ನು ಬಿಟ್ಟು ಇನ್ನೊಂದನ್ನು ಬೈದರೆ ಅರ್ಧ ಮಾತ್ರ ಹೇಳಿದ ಹಾಗೆ.

ಉದ್ಯಮದ ಒಳಗಿದ್ದ ಜಾಣರು ಇದರ ಇನ್ನೊಂದು ಮುಖವನ್ನು ಹಿಡಿದರು. ಕಾನೂನು ಕಾಪಾಡುವುದು ಬರೆದವರನ್ನು ಮತ್ತು ಪಬ್ಲಿಷರ್‌ಗಳನ್ನು, ಸರಿ, ಹಾಗಾದರೆ ನಾವೇ ಅವರಾಗೋಣ. ಕಪ್ಪು ಗಾಯಕ ಸ್ಯಾಮ್ ಕುಕ್ 1950ರ ದಶಕದ ಕೊನೆಗೆ ಗೆಳೆಯರ ಜೊತೆ ಸ್ವಂತ ಪಬ್ಲಿಷಿಂಗ್ ಸಂಸ್ಥೆ ನಡೆಸತೊಡಗಿದರು, ಆಮೇಲೆ ಸ್ವಂತ ರೆಕಾರ್ಡ್ ಕಂಪನಿಯನ್ನೂ ಕಟ್ಟಿದರು. ಅವರ ಹಾಡನ್ನು ಯಾರೇ ಹಾಡಿದರೂ ಆ 2 ಸೆಂಟಿನಲ್ಲಿ ಅವರಿಗೆ ಪಾಲು. ಇನ್ನೊಬ್ಬ ಕಪ್ಪು ಗಾಯಕ ರೇ ಚಾರ್ಲ್ಸ್ 1959ರ ಕೊನೆಯಲ್ಲಿ ಎಬಿಸಿ-ಪ್ಯಾರಾಮೌಂಟ್ ಅನ್ನುವ ರೆಕಾರ್ಡ್ ಕಂಪನಿಗೆ ಹೋದಾಗ ತಮ್ಮ ರೆಕಾರ್ಡಿಂಗ್‌ಗಳ ಮೂಲ ಟೇಪಿನ ಒಡೆತನವನ್ನೇ ಒಪ್ಪಂದದಲ್ಲಿ ಪಡೆದರು. ಬಿಳಿ ಗಾಯಕರಿಗೂ ಅದು ಆಗ ಸಿಗುವುದು ಅಪರೂಪ. ನಮ್ಮ ಮೊದಲ ಗಾಯಕಿ ಇನ್ನೊಬ್ಬರು ಬರೆದ ಹಾಡು ಹಾಡುವವಳು. ಅವಳಿಗೆ ಈ ದಾರಿ ತೆರೆದಿರಲಿಲ್ಲ. ಹಾಗಾಗಿಯೇ ಅವಳು ಕಾನೂನನ್ನು ಬದಲಿಸಲು ನೋಡಿದಳು, ಉಳಿದವರು ಕಾನೂನಿನೊಳಗೆ ಜಾಗ ಬದಲಿಸಿದರು.

ಅವಳ ಪತ್ರದ 17 ವರ್ಷ ಬಳಿಕ, 1972ರ ಫೆಬ್ರವರಿ 15ರಿಂದ ಅಮೆರಿಕದಲ್ಲಿ ಹೊಸ ಸದ್ದಿನ ರೆಕಾರ್ಡಿಂಗ್‌ಗಳಿಗೆ ಫೆಡರಲ್ ಕೃತಿಸ್ವಾಮ್ಯ ಬಂತು. ಅದಕ್ಕೆ ಕಾರಣ ಟೇಪುಗಳ ಪೈರಸಿ, ಅಂದರೆ ಕಂಪನಿಗಳ ಜೇಬಿಗೆ ಬಿದ್ದ ತೂತು. ಆ ತಿದ್ದುಪಡಿಯಲ್ಲೇ ಒಂದು ಮಾತನ್ನು ಸ್ಪಷ್ಟ ಮಾಡಿದರು: ಮೂಲ ಟೇಪಿನಿಂದ ನಕಲು ತೆಗೆಯಬಾರದು, ಆದರೆ ಬೇರೆ ಗಾಯಕರನ್ನೂ ವಾದ್ಯಗಾರರನ್ನೂ ಕೂರಿಸಿ ಹಾಗೆಯೇ ಕೇಳಿಸುವಂತೆ ಹಾಡಿಸಿದರೆ ತಪ್ಪಿಲ್ಲ. 1976ರ ದೊಡ್ಡ ಕಾನೂನೂ ಅದನ್ನು ಹಾಗೆಯೇ ಉಳಿಸಿಕೊಂಡಿತು. 1988ರಲ್ಲಿ ಒಂದು ಕಾರಿನ ಜಾಹೀರಾತಿಗೆ ಗಾಯಕಿ ಬೆಟ್ ಮಿಡ್ಲರ್ ಅವರ ದನಿಯನ್ನು ಅನುಕರಿಸಿದಾಗ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ಆದರೆ ಅದು ಹೆಸರಾಂತ ದನಿಯನ್ನು ಸರಕು ಮಾರಲು ಬಳಸಿದ ವಿಷಯ, ಅರೇಂಜ್‌ಮೆಂಟಿನ ವಿಷಯವಲ್ಲ. 2018ರಲ್ಲಿ 1972ಕ್ಕಿಂತ ಹಿಂದಿನ ರೆಕಾರ್ಡುಗಳೂ ಫೆಡರಲ್ ಕಾನೂನಿನ ನೆರಳಿಗೆ ಬಂದು, ಡಿಜಿಟಲ್ ರೇಡಿಯೊದಲ್ಲಿ ಬಾರಿಸಿದರೆ ಹಳೆಯ ಗಾಯಕರಿಗೆ ಹಣ ಸಲ್ಲುವಂತಾಯಿತು. ಮಾಮೂಲಿ ರೇಡಿಯೊ ಕೇಂದ್ರಗಳು ಹಾಡಿದವರಿಗೆ ಇವತ್ತೂ ಏನೂ ಕೊಡುವುದಿಲ್ಲ. ಅವಳು ಕೇಳಿದ ಗೆರೆಯಂತೂ ಇನ್ನೂ ಕಾನೂನಿನಲ್ಲಿ ಇಲ್ಲ. ಹಾಡಿನ ಹಕ್ಕಿಗೆ ನಿಗದಿಯ ದರ ಕಟ್ಟಿದರೆ ಯಾರು ಬೇಕಾದರೂ 1954ರ ಆ ರೆಕಾರ್ಡನ್ನು ತಾಳ, ಹಿಮ್ಮೇಳ, ಕುಲುಕು ಸಮೇತ ಮತ್ತೆ ಹಾಡಿಸಿ ಮಾರಬಹುದು.